ಶಾಂತವೀರಪ್ಪನ ಎರಡನೇ ಗ್ಲೈಡರು

ಬೆಳಿಗ್ಗೆ ಏಳೂವರೆಗೆ ಉಮರ್ಗಾದ ಶಾಂತವೀರಪ್ಪನ ಮನೆಯಲ್ಲಿ ಫೋನು ಹೊಡೆದುಕೊಂಡಿತು. ಅಷ್ಟಕ್ಕೇ ಅವನ ದಿನ ಕೆಟ್ಟಿತು.

ಫೋನು ಮಾಡಿದವರು ಪುಣೆಯ ದಿಗಂಬರರಾವ್ ಸಾಹೇಬರು, ಗ್ಲೈಡರ್ ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿ. ಹುಟ್ಟಿದ್ದು ಸೊಲ್ಲಾಪುರದಲ್ಲಾದ್ದರಿಂದ ಕನ್ನಡದವರನ್ನು ಕನ್ನಡದಲ್ಲೇ ಗದರಿಸುವ ದೊಡ್ಡ ಗುಣ ಅವರಿಗಿತ್ತು.

“ಶಾಂತವೀರಪ್ಪ, ಇವತ್ತ ನಾಕಕ್ಕ ಬರ್ಲತ್ತೀನಿ. ನಿಮ್ಮ ಶಿಷ್ಯರಿಗಿ ಹಾರ್ಲಿಕ್ಕ ಬರ್ತದ, ಗೊತ್ತದ. ಆದ್ರ ಮ್ಯಾಲ ಇನ್ನೊಂದು ವಿಮಾನ ಎದುರಿಗಿ ಬಂದ್ರ ಏನ್ ಮಾಡ್ತಾರ? ಅದನ್ನ ನೋಡಾಂವ ನಾ. ನಾಪಾಸಾದ್ರ ಶಾಳಾ ಬಂದ್.”

ಶಾಂತವೀರಪ್ಪನ ಮನೆತನದವರೆಲ್ಲ ಪೇಟೆಯಲ್ಲಿ ಕಿರಾಣಿ ವ್ಯಾಪಾರದವರು. ತಕ್ಕಡಿಯ ಮುಳ್ಳಿಗಿಂತ ಮೇಲೆ ಕಣ್ಣೆತ್ತಿದವನು ಇವನೊಬ್ಬನೇ. ವಾಯುಸೇನೆಯಿಂದ ನಿವೃತ್ತನಾಗಿ ಬಂದು, ನಿಲಂಗಾ ರಸ್ತೆಯ ಹಳೇ ವಿಮಾನ ಪಟ್ಟಿಯಲ್ಲಿ ಎಂಜಿನ್ನಿಲ್ಲದೆ ಗಾಳಿಯ ಮೇಲೆ ತೇಲುವ ಗ್ಲೈಡರನ್ನು ಹಾರಿಸಲು ಕಲಿಸುವ ಶಾಲೆ ತೆರೆದಿದ್ದ. ಶಾಲೆಗಿದ್ದದ್ದು ಒಂದೇ ಗ್ಲೈಡರು. ಆಕಾಶದಲ್ಲಿ ಎರಡು ವಿಮಾನ ಎದುರುಬದುರಾದಾಗ ಏನು ಮಾಡಬೇಕೆಂದು ಕಲಿಸಲು ಎರಡು ಬೇಕಲ್ಲ? ಎರಡನೆಯದಕ್ಕಾಗಿ ಅವನು ಹನ್ನೊಂದು ಅರ್ಜಿ ಬರೆದಿದ್ದ. “ವಿಚಾರ ನಡೆದಿದೆ” ಎಂಬ ಉತ್ತರ ಒಂಬತ್ತು ಸಲ ಬಂದಿತ್ತು.

“ಇವತ್ತ ಇಬ್ಬರೂ ಶಿಷ್ಯರ್ನ ಪಾಸ್ ಮಾಡಿಸೇ ಬಿಡ್ತೀನಿ,” ಎಂದು ಅವನು ಹೆಂಡತಿ ಮಂಗಲಾಳಿಗೆ ಹೇಳಿದ. “ಪಾಸಾದ ಶಾಳಾಕ್ಕ ಎರಡನೇ ಗ್ಲೈಡರ್ ಕೊಡಲ್ಲ ಅಂತ ಯಾವ ಬಾಯಿಲೆ ಅಂತಾರ ನೋಡ್ತೀನಿ.”

“ರೊಟ್ಟಿ ತಿಂದು ಪಾಸ್ ಮಾಡಿಸ್ರಿ,” ಎಂದಳು ಮಂಗಲಾ. ಅವನು ಆಗಲೇ ಅಂಗಳ ದಾಟಿದ್ದ.

ಶಿಷ್ಯರಿಬ್ಬರೂ ಹಾರುವುದರಲ್ಲಿ ಗಟ್ಟಿಗರೇ. ತೊಂದರೆ ಬೇರೆ ಇತ್ತು. ತುರೋರಿಯ ನಾಗನಾಥ ಹೆದ್ದಾರಿಯಲ್ಲಿ ಹದಿನೈದು ವರ್ಷ ಲಾರಿ ಓಡಿಸಿದವನು. ಎದುರಿಗೆ ಏನು ಕಂಡರೂ ಎಡಕ್ಕೆ ಎಳೆಯುತ್ತಿದ್ದ, ಕೈ ತಾನಾಗಿಯೇ ಹಾರ್ನು ಹುಡುಕುತ್ತಿತ್ತು. ಉದಗೀರದಲ್ಲಿ ಗಣಿತ ಕಲಿಸುವ ಜಯಮಾಲಾ ಎಂಥ ಮರ್ಯಾದಸ್ಥೆಯೆಂದರೆ, ಕಳೆದ ವಾರ ಎರಡು ಸಾವಿರ ಅಡಿ ಮೇಲೆ ಒಂದು ಹದ್ದಿಗೆ “ನೀವು ಮೊದ್ಲ ಹೋಗ್ರಿ” ಎಂಬಂತೆ ದಾರಿ ಬಿಟ್ಟುಕೊಟ್ಟಿದ್ದಳು.

ಪಟ್ಟಿಯ ಪಕ್ಕದಲ್ಲೇ, ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಕಾಲನಿ. ಹಳೇ ಊರಿನ ಓಣಿಗಳಂತೆ ಅಲ್ಲಿ ಸುತ್ತು ಬಳಸು ಇರಲಿಲ್ಲ. ಎಲ್ಲ ರಸ್ತೆಗಳೂ ನೇರ, ಎಲ್ಲ ಚೌಕಗಳೂ ಸಮ. ಎರಡು ಲಾರಿ ಹಾಯುವಷ್ಟು ಅಗಲದಲ್ಲಿ ಕೋಳಿಗಳು ಅಡ್ಡಾಡುತ್ತಿದ್ದವು. ಶಾಂತವೀರಪ್ಪ ಎರಡು ಸೈಕಲ್ ತಂದು, ಹ್ಯಾಂಡಲಿಗೆ ಅಡ್ಡಲಾಗಿ ಐದು ಮೊಳದ ಬಿದಿರು ಕಟ್ಟಿದ.

“ಇವೇ ರೆಕ್ಕಿ. ಇದೇ ಆಕಾಶ. ಎದುರಿಗಿ ಬಂದ್ರ ಇಬ್ಬರೂ ತಮ್ತಮ್ಮ ಬಲಕ್ಕ ಹೊಳ್ಳಬೇಕು. ಚೌಕದಾಗ ಕೂಡಿದ್ರ, ಬಲಗಡಿಂದ ಬಂದೋರಿಗಿ ಹಾದಿ. ಹೂಂ, ಹಾರ್ರಿ!”

ಜಯಮಾಲಾ ಬಲಕ್ಕೆ ಹೊರಳಿದಳು. ನಾಗನಾಥ ಎಡಕ್ಕೆ ಹೊರಳಿದ. ಬಿದಿರಿಗೆ ಬಿದಿರು ಸಿಕ್ಕು, ಇಬ್ಬರೂ ಜಗಳಕ್ಕೆ ಬಿದ್ದ ಎತ್ತುಗಳಂತೆ ಕೊಂಬು ಹೆಣೆದುಕೊಂಡು ನಿಂತರು.

“ನಾಗನಾಥ! ಎಡಕ್ಕ ಹೋಗ್ಲಿಕ್ಕ ಇದೇನ್ ಸೊಲ್ಲಾಪುರ ಹೈವೇನಾ?”

ಹತ್ತು ಸಲ ಆದ ಮೇಲೆ ನಾಗನಾಥ ಬಲಕ್ಕೆ ಬಂದ. ಆಗ ಜಯಮಾಲಾಳ ಸರದಿ. ಚೌಕದಲ್ಲಿ ಹಾದಿ ಅವಳದಾಗಿದ್ದರೂ ಬ್ರೇಕ್ ಹಿಡಿದು ನಿಂತಳು. “ಅವರು ಹೋಗ್ಲಿ ಬಿಡ್ರಿ ಸರ್, ನನಗೇನ್ ಗಡಬಡಿ ಇಲ್ಲ.”

“ಟೀಚರ್, ಮ್ಯಾಲ ನಿಂತ್ರ ಬೀಳ್ತೀರಿ! ಗ್ಲೈಡರಿಗಿ ನಿಂದ್ರೂದಂಬೂದೇ ಇಲ್ಲ!” ಎಂದು ಶಾಂತವೀರಪ್ಪ ನಟ್ಟು ಬಿಚ್ಚುವ ಪಾನಾ ತಂದು ಎರಡೂ ಸೈಕಲ್ಲಿನ ಬ್ರೇಕ್ ಕಳಚಿಬಿಟ್ಟ.

ಮುಂದಿನ ಸಲ ಜಯಮಾಲಾ ನಿಲ್ಲಲಿಲ್ಲ. ಚೌಕದಲ್ಲಿ ನಿಲ್ಲಲಿಲ್ಲ, ಅದರಾಚೆಯೂ ನಿಲ್ಲಲಿಲ್ಲ, ರಂಭಾಬಾಯಿ ಅಂಗಳದಲ್ಲಿ ಶಾವಿಗೆ ಒಣಹಾಕಿದ್ದ ಹೊರಸಿನ ನಡುವೆ ಹೋಗಿ ನಿಂತಳು.

ಮುದುಕಿ ರಂಭಾಬಾಯಿ ಎದೆ ಬಡಿದುಕೊಂಡಳು. “ಅಯ್ಯಯ್ಯ ನನ್ನ ಶಾವಿಗಿ! ಶಾಂತಪ್ಪಾ, ಭೂಕಂಪ ತಪ್ಪಿಸ್ಕೊಂಡ್ ಬಂದೀವಪ್ಪಾ, ನಿನ್ನ ಕೈಲೆ ಸಾಯ್ಲಿಕ್ಕಲ್ಲ!”

“ಆಯಿ, ಜರಾ ಸೈಸ್ಕೋರಿ, ದೇಶದ ಕೆಲಸ,” ಎಂದ ಶಾಂತವೀರಪ್ಪ, ಜಯಮಾಲಾಳ ಜಡೆಯಿಂದ ಶಾವಿಗೆ ಆರಿಸುತ್ತ. ನಂತರ ಎದುರು ಬಂದದ್ದನ್ನು ಗಡಿಯಾರದ ಲೆಕ್ಕದಲ್ಲಿ ಕೂಗುವುದನ್ನು ಕಲಿಸಿದ: ಮೂಗಿನ ನೇರಕ್ಕೆ ಹನ್ನೆರಡು, ಬಲಗೈಗೆ ಮೂರು, ಎಡಗೈಗೆ ಒಂಬತ್ತು.

“ಎರಡು ಗಂಟೆಗೆ ಎಮ್ಮಿ!” ಎಂದು ಕೂಗಿದ ನಾಗನಾಥ.

“ಸುಳ್ಳ್ಯಾಕ ಹೇಳ್ತಿ? ಎಮ್ಮಿ ಬರೂದು ಐದಕ್ಕ,” ಎಂದಳು ರಂಭಾಬಾಯಿ.

ಇಷ್ಟರಲ್ಲಿ ರಾಚಯ್ಯ ಸ್ವಾಮಿಗಳು ಸ್ಕೂಟರಿನ ಮುಂದೆ ಮೊಸರಿನ ಕೊಡ ಇಟ್ಟುಕೊಂಡು ಬಂದರು. ಕಾಲನಿಯಲ್ಲಿ ಅವರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ, ಅವರ ಸಲಹೆಯಿಲ್ಲದೆ ಬಾವಿಗೆ ಹಗ್ಗವೂ ಇಳಿಯುತ್ತಿರಲಿಲ್ಲ. ಎದುರಿಗೆ ರೆಕ್ಕೆ ಬಿಚ್ಚಿ ಬರುತ್ತಿದ್ದ ನಾಗನಾಥನನ್ನು ಕಂಡು ಅವರು ರಸ್ತೆಯ ನಿಯಮದಂತೆ ಎಡಕ್ಕೆ ತಿರುಗಿದರು. ನಾಗನಾಥ ಆಕಾಶದ ನಿಯಮದಂತೆ ಬಲಕ್ಕೆ ತಿರುಗಿದ. ಇಬ್ಬರೂ ನಿಯಮ ಪಾಲಿಸಿದ್ದರಿಂದ ನೇರ ಡಿಕ್ಕಿಯಾಯಿತು. ನಡುವೆ ಬಿಡಿಸಲು ಓಡಿದ ಶಾಂತವೀರಪ್ಪನ ಇಸ್ತ್ರಿ ಮಾಡಿದ ಬಿಳೀ ಸಮವಸ್ತ್ರಕ್ಕೆ ಕೊಡದ ಮೊಸರೆಲ್ಲ ಅಭಿಷೇಕವಾಯಿತು.

“ಯಾರ್ದ್ರೀ ತಪ್ಪು?” ಎಂದು ಗುಡುಗಿದರು ಸ್ವಾಮಿಗಳು.

“ನಿಮ್ದೇ ರೀ ಸ್ವಾಮ್ಯಾರ. ನಾಗನಾಥ ಇವತ್ತ ಮೊದಲನೇ ಸಲ ನಾ ಒದರದೇ ಬರೋಬ್ಬರ ಹೊಳ್ಳ್ಯಾನ!” ಶಾಂತವೀರಪ್ಪನ ಕಣ್ಣಲ್ಲಿ ನೀರು ಬಂದಿತ್ತು, ಮೊಸರಿನದಲ್ಲ.

ಅವನ ಹಟ ಕಂಡು ಸ್ವಾಮಿಗಳ ಸಿಟ್ಟು ಇಳಿಯಿತು. ನಿಯಮ ಕೇಳಿ ತಿಳಿದುಕೊಂಡರು, ಸೀಟಿ ತರಿಸಿ ಚೌಕದ ನಡುವೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಸ್ವಾಮಿಗಳು ಸೀಟಿ ಊದುತ್ತಿದ್ದರು, ರಂಭಾಬಾಯಿ ಕಟ್ಟೆಯ ಮೇಲಿಂದ “ಒಂಬತ್ತಕ್ಕ ಕೋಳಿ! ಹನ್ನೊಂದಕ್ಕ ಸ್ವಾಮಿ!” ಎಂದು ಕೂಗುತ್ತಿದ್ದಳು, ನಾಗನಾಥ ನಿದ್ದೆಯಲ್ಲೂ ಬಲಕ್ಕೆ ಹೊರಳುವಂತಾಗಿದ್ದ. ಉಪವಾಸವಿದ್ದ ಶಾಂತವೀರಪ್ಪನಿಗೆ ಹಸಿವೇ ಮರೆತುಹೋಗಿತ್ತು.

ನಾಲ್ಕಕ್ಕೆ ಸರಿಯಾಗಿ ಸಾಹೇಬರ ಪುಟ್ಟ ವಿಮಾನ ಇಳಿಯಿತು. ಸಾಹೇಬರು ಗ್ಲೈಡರಿನ ಹಿಂದಿನ ಸೀಟಿನಲ್ಲಿ ಕೂತರು. ಅವರ ಪೈಲಟ್ ವಿಮಾನವನ್ನು ಎದುರಿನಿಂದ, ಪಕ್ಕದಿಂದ ತರಬೇಕೆಂದು ಗೊತ್ತಾಯಿತು. ನೆಲದ ಮೇಲಿನ ಯಂತ್ರದಿಂದ ತಂತಿ ಎಳೆದು, ಗಾಳಿಪಟದಂತೆ ಗ್ಲೈಡರನ್ನು ಏರಿಸಿದ್ದಾಯಿತು. ಶಾಂತವೀರಪ್ಪ ಹುಳಿ ಮೊಸರಿನ ವಾಸನೆಯಲ್ಲಿ ಕತ್ತು ಮೇಲೆತ್ತಿ ನಿಂತ.

ಮೊದಲು ನಾಗನಾಥ. ವಿಮಾನ ಎದುರಿಗೆ ಬಂತು. ಗ್ಲೈಡರು ಸೊಗಸಾಗಿ ಬಲಕ್ಕೆ ವಾಲಿತು. ಆಮೇಲೆ ಜಯಮಾಲಾ. ವಿಮಾನ ಅವಳ ಎಡಗಡೆಯಿಂದ ಬಂತು, ಹಾದಿ ಅವಳದು. ಅದರ ಮೇಲಿಟ್ಟ ಕಣ್ಣು ಕೀಳದೆ, ತನ್ನ ಹಾದಿಯನ್ನೂ ಬಿಡದೆ ಅವಳು ನೇರ ನಡೆದಳು. ವಿಮಾನವೇ ಸರಿದು ಹಿಂದೆ ಹೋಯಿತು. ಹುಟ್ಟಿದಾಗಿನಿಂದ ಜಯಮಾಲಾ ಯಾರಿಗೂ ದಾರಿ ಬಿಡದೆ ಇದ್ದದ್ದು ಅದೇ ಮೊದಲು.

ಇಳಿದ ಸಾಹೇಬರ ಮುಖ ಅರಳಿತ್ತು. “ಶಾಂತವೀರಪ್ಪ! ಒಂದೇ ಗ್ಲೈಡರಿನಾಗ ಹೆಂಗ್ ಕಲಿಸಿದ್ರಿ ಇದೆಲ್ಲಾ?”

ಇದೇ ಗಳಿಗೆಗೆ ಕಾದಿದ್ದ ಶಾಂತವೀರಪ್ಪ. ‘ಭಾಳ ತ್ರಾಸಾತ್ರಿ, ಅದಕ್ಕೇ ಇನ್ನೊಂದು ಬೇಕ್ರಿ’ ಎನ್ನಲು ಬಾಯಿ ತೆರೆದ.

“ಸೈಕಲ್ ಮ್ಯಾಲ್ರೀ!” ಎಂದರು ಕಾಲನಿಯವರ ಜೊತೆ ನೋಡಲು ಬಂದಿದ್ದ ರಾಚಯ್ಯ ಸ್ವಾಮಿಗಳು. “ನಾನೇ ಸೀಟಿ ಹೊಡದೀನಿ.”

ಸಾಹೇಬರು ಸೈಕಲ್ ತರಿಸಿ ನೋಡಿದರು, ತಾವೇ ಕಾಲನಿಯಲ್ಲಿ ಒಂದು ಸುತ್ತು ಹೊಡೆದರು, ರಂಭಾಬಾಯಿಯಿಂದ “ಹನ್ನೆರಡಕ್ಕ ಸಾಹೇಬ್ರು!” ಎನಿಸಿಕೊಂಡರು. ಆಮೇಲೆ ಅಲ್ಲೇ ಅವಳ ಹೊರಸಿನ ಮೇಲೆ ಕೂತು ವರದಿ ಬರೆದು, ಎದ್ದು ನಿಂತು ಓದಿದರು.

“ಇಬ್ಬರೂ ಪಾಸ್. ಇಡೀ ರಾಜ್ಯದಾಗ ಇಂಥಾ ಶಿಕ್ಷಕ ಇಲ್ಲ. ಎರಡನೇ ಗ್ಲೈಡರನ್ನು ತಕ್ಷಣ ಕೊಡತಕ್ಕದ್ದು.”

ಕಾಲನಿ ಚಪ್ಪಾಳೆ ತಟ್ಟಿತು. ನಾಗನಾಥ ಗುರುವನ್ನು ಎತ್ತಿಯೇ ಬಿಟ್ಟ.

“ತಡೀರಿ, ಮುಂದದ,” ಎಂದರು ಸಾಹೇಬರು. “ನದಿಯಾಚೆ ಜಿಲ್ಲೆಯ ಶಾಲೆಯಲ್ಲಿಯೂ ಒಂದೇ ಗ್ಲೈಡರಿದ್ದು, ಕಲಿಸಲು ಬಾರದೆ ಎಲ್ಲರೂ ನಾಪಾಸಾಗಿದ್ದಾರೆ. ಸದರಿ ಎರಡನೇ ಗ್ಲೈಡರು ಆ ಶಾಲೆಗೆ. ಸೈಕಲ್ ಮೇಲೆಯೇ ಕಲಿಸುವುದರಿಂದ ಇಲ್ಲಿ ಅಗತ್ಯವಿಲ್ಲದ ಗ್ಲೈಡರನ್ನೇ ಅಲ್ಲಿಗೆ ಕೊಡತಕ್ಕದ್ದು. ಇಲ್ಲಿಗೆ ಆರು ಹೊಸ ಸೈಕಲ್ ಮಂಜೂರು.”

ನಾಗನಾಥ ಗುರುವನ್ನು ಮೆಲ್ಲಗೆ ಕೆಳಗಿಟ್ಟ.

ಶಾಂತವೀರಪ್ಪ ಪಟ್ಟಿಯ ಕಡೆ ನೋಡಿದ. ಸಾಹೇಬರ ಪೈಲಟ್ ಆಗಲೇ ಗ್ಲೈಡರಿನ ರೆಕ್ಕೆ ಬಿಚ್ಚತೊಡಗಿದ್ದ. ಅವನು ಒಣಗಿದ ಮೊಸರು ಝಾಡಿಸಿಕೊಂಡು, ಎದೆ ನೆಟ್ಟಗೆ ಮಾಡಿ ಕೇಳಿದ:

“ಸಾಹೇಬ್ರ, ಸೈಕಲ್ ಮ್ಯಾಲ ಹಾದಿ ಬಿಡೂದು ಕಲಿಸ್ತೀನಿ. ಹಾರೂದು ಹೆಂಗ್ ಕಲಿಸ್ಲಿರೀ?”

ಸಾಹೇಬರು ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ಅದರ ಫಿಕೀರ್ ಬ್ಯಾಡ. ಹಾರೂದ್ರ ಮ್ಯಾಲ ಈ ವರ್ಷ ಪರೀಕ್ಷಾ ಇಲ್ಲ.”