ಮುಂದಿನ ಸೀಟಿನಲ್ಲಿ ಕುಳಿತಿದ್ದವರು

ಕಾರು ತಂದದ್ದು ನಾನು, ತೊಳೆಯುವುದು ನಾನು, ಓಡಿಸುವುದೂ ನಾನು. ಆದರೂ ಅದರೊಳಗೆ ಯಾರು ಎಲ್ಲಿ ಕೂರಬೇಕೆಂದು ಹೇಳುವ ಹಕ್ಕು ನನಗೆ ಒಂದು ದಿನವೂ ಸಿಕ್ಕಿಲ್ಲ. ಮೊದಲು ಆ ಹಕ್ಕು ನನ್ನ ತಾಯಿ ಆಶಾಬಿಯದಾಗಿತ್ತು. ಆಮೇಲೆ ಹದಿನೈದು ದಿನ, ತೀರಿಹೋದ ಒಬ್ಬ ಹೆಂಗಸಿನದಾಗಿತ್ತು. ಈಗ ಯಾರದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ಅಷ್ಟರೊಳಗೆ ನನಗೆ ಧೈರ್ಯ ಬಂದರೆ.

ನಾನು ಕಲೀಮ್, ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರಿ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಕತ್ತರಿಸಿ ಪಾಲಿಶ್ ಮಾಡುವ ಸ್ವಂತ ಯಾರ್ಡ್ ಇದೆ. ಕಣ್ಣು ಮುಚ್ಚಿ ಬೆರಳಿನಿಂದ ತಟ್ಟಿ ಇದು ಯಾವ ಖಣಿಯ ಕಲ್ಲು ಎಂದು ಹೇಳಬಲ್ಲವನು ಈ ಊರಿನಲ್ಲಿ ನಾನೊಬ್ಬನೇ (ಹೀಗೆಂದು ಹೇಳಿಕೊಳ್ಳುವವನೂ ನಾನೊಬ್ಬನೇ). ಹೋದ ವರ್ಷ ವಾಡಿ ರಸ್ತೆಯಲ್ಲಿ ಒಂದು ಸಿಮೆಂಟ್ ಟ್ಯಾಂಕರ್ ನನ್ನ ಮೋಟರ್ ಸೈಕಲ್ಲನ್ನು ಸವರಿಕೊಂಡು ಹೋಯಿತು. ಗಾಡಿ ತಗ್ಗಿಗೆ, ನಾನು ಜಾಲಿಕಂಟಿಗೆ. ಕಂಟಿಯಲ್ಲಿ ತೂಗಾಡುತ್ತಲೇ ನಿರ್ಧರಿಸಿದೆ: ಇನ್ನು ಮೇಲೆ ಈ ಅಮೂಲ್ಯ ದೇಹವನ್ನು ದುನಿಯಾದಲ್ಲೇ ಸುರಕ್ಷಿತವೆನಿಸಿದ ಗಾಡಿಯಲ್ಲಿ ಮಾತ್ರ ಇಡತಕ್ಕದ್ದು. ಹೈದರಾಬಾದಿಗೆ ಹೋಗಿ ಹಳೆಯದೊಂದು ವೋಲ್ವೋ ತಂದೆ.

ನಮ್ಮ ಕಡೆ ವೋಲ್ವೋ ಎಂದರೆ ಬೆಂಗಳೂರಿಗೆ ಹೋಗುವ ಬಸ್ಸು. ಸುದ್ದಿ ಕೇಳಿದ ಕೂಡಲೇ ನಮ್ಮ ಯಾರ್ಡಿನ ಪಾಲಿಶ್‌ಗಾರ ಭಾಗಣ್ಣ, "ಸಾಹುಕಾರ್ರೆ, ಮಗಳ ಮದಿವಿಗೆ ದಿಬ್ಬಣ ಒಯ್ಯಾಕ ಕೊಡ್ತೀರೇನ್ರಿ? ಸ್ಲೀಪರ್ ಅದನೋ, ಕುಂದ್ರೂದು ಅದನೋ?" ಎಂದು ಕೇಳಿದ. ಅವನಿಗೆ, ಅವನ ನೆಪದಲ್ಲಿ ಊರಿಗೆಲ್ಲ, ನಾನು ಚರಿತ್ರೆ ಬೋಧಿಸಿದೆ. ಇದು ಸ್ವೀಡನ್ ದೇಶದ್ದು, ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಹುಟ್ಟಿದ್ದು. ಇವತ್ತು ಎಲ್ಲ ಕಾರುಗಳಲ್ಲೂ ಹೆಗಲಿನಿಂದ ನಡುವಿನವರೆಗೆ ಬರುವ ಬೆಲ್ಟ್ ಇದೆಯಲ್ಲ, ಅದನ್ನು ಐವತ್ತೊಂಬತ್ತರಲ್ಲಿ ಮೊದಲು ತಂದವರು ಇವರು. ತಂದು, ಹಕ್ಕು ಬಚ್ಚಿಟ್ಟುಕೊಳ್ಳದೆ, ಎಲ್ಲರೂ ಬಳಸಿಕೊಳ್ಳಿ, ಜೀವ ಉಳಿಯಲಿ ಎಂದು ಬಿಟ್ಟುಕೊಟ್ಟರು. ಇದನ್ನು ಹೇಳುವಾಗ ಪ್ರತಿ ಸಲವೂ ನಾನು ಎದ್ದು ನಿಲ್ಲುತ್ತಿದ್ದೆ.

"ಬೆಲ್ಟ್ ಮಾಡಿದವರು ಬಾಯಿಗೂ ಒಂದು ಮಾಡಬೇಕಿತ್ತು," ಎಂದಳು ನನ್ನ ಹೆಂಡತಿ ಜಬೀನಾ.

ಜಬೀನಾ ವಾಡಿಯ ಶಾಲೆಯೊಂದರಲ್ಲಿ ಟೀಚರ್. ದಿನಾ ಮಂದಿ ತುಂಬಿದ ಟಂಟಂ ಆಟೋದಲ್ಲಿ ಹೋಗಿಬರುತ್ತಾಳೆ. ಕಾರು ಬಂದ ದಿನವೇ ಅವಳ ಅರ್ಜಿಯೂ ಬಂತು.

"ನಾ ಗಾಡಿ ಕಲೀತೀನ್ರಿ. ಕಲಿಯೋ ಲೈಸೆನ್ಸ್ ತಗೊಂಡು ಮೂರು ತಿಂಗಳಾತು, ಪೆಟ್ಟಿಗ್ಯಾಗ ಬಿದ್ದದ."

"ಬ್ಯಾಡ. ರಸ್ತಾ ತುಂಬ ಟ್ಯಾಂಕರ್ ಅವ. ಭಾಳ ಅಪಾಯ."

"ದುನಿಯಾದಾಗ ಇದಕ್ಕಿಂತ ಭದ್ರ ಗಾಡಿ ಇಲ್ಲ ಅಂತೀರಿ. ನಾ ಹೋಗೋ ಟಂಟಂದಾಗ ಹದಿನಾಲ್ಕು ಮಂದಿ ಇರ್ತೀವ್ರಿ, ನನ್ನ ಒಂದು ಕಾಲು ಹೊರಗ ಇರ್ತದ. ಅದಕ್ಕ ಎಲ್ಲದ ಬೆಲ್ಟ್?"

ಉತ್ತರ ಇಲ್ಲದಾಗ ಗಂಡಸರು ಮಾಡುವಂತೆ ದನಿ ಏರಿಸಿ ಯಾರ್ಡಿಗೆ ಹೋದೆ. ಯಾರ್ಡ್ ನಮ್ಮ ಮನೆಯಿಂದ ಕೂಗಳತೆ ದೂರ. ಅಲ್ಲಿಗೆ ನಾನು ಬೆಲ್ಟ್ ಹಾಕಿಕೊಂಡು ವೋಲ್ವೋದಲ್ಲಿ ಹೋಗುತ್ತಿದ್ದೆ.

ಮುಂದಿನ ಸೀಟು ಅಮ್ಮಿಯದು, ಜಬೀನಾ ಹಿಂದೆ. ಇದು ನಮ್ಮ ಮನೆಯ ಸಂವಿಧಾನ. ಆದರೆ ಅಮ್ಮಿಗೆ ಆ ಮೆತ್ತನೆಯ ಸೀಟು ಒಗ್ಗಲಿಲ್ಲ.

"ಕಲೀಮ್, ಇದು ಸೀಟೋ ಕೆಸರೋ? ಕುಂತ್ರ ಒಳಗೇ ಹೋಗ್ತೀನಿ. ನಡ ಹಿಡಕೊಂಡದ."

"ಅಮ್ಮಿ, ಎಲುಬಿನ ಡಾಕ್ಟರ್‌ಗೆ ಕೇಳಿ ಮಾಡಿದ ಸೀಟು ಅದು. ಮುಟ್ಟಬ್ಯಾಡ್ರಿ, ಬದಲಿ ಮಾಡಬ್ಯಾಡ್ರಿ. ನಡ ತಾನೇ ಒಗ್ಗತದ."

ಒಗ್ಗಿತು. ಮೂರು ವಾರದ ನಂತರ ಅಮ್ಮಿಯನ್ನು ಕುಂಚಾವರಂನ ನನ್ನ ತಂಗಿ ರುಕ್ಸಾರಳ ಮನೆಗೆ ಬಿಡಲು ಹೊರಟೆವು. ಹಿಂದಿನ ದಿನ ಅಮ್ಮಿ ಸೀಟಿಗೆ ಹತ್ತಿ ತುಂಬಿದ ದಪ್ಪ ಕವರ್ ಹೊಲಿಸಿ, ಭಾಗಣ್ಣನಿಂದ ತೊಡಿಸಿಕೊಂಡಿದ್ದಳು. ತೆಂಗಳಿ ದಾಟಿದರೂ ನಡು ನೋವಿನ ಸುದ್ದಿಯಿಲ್ಲ, ಚಿಂಚೋಳಿ ದಾಟಿದರೂ ಇಲ್ಲ. ಸ್ವೀಡನ್ನಿನ ಡಾಕ್ಟರುಗಳನ್ನು ದಾರಿಯುದ್ದಕ್ಕೂ ಹೊಗಳಿದೆ. ಅಮ್ಮಿ ಕಣ್ಣು ಮುಚ್ಚಿ ನಗುತ್ತಿದ್ದಳು. ಇಳಿಯುವಾಗ ಮಾತ್ರ ಬಾಗಿಲು ಹಿಡಿದು, ಗಂಭೀರಳಾಗಿ ಒಂದು ಮಾತು ಹೇಳಿದಳು.

"ನಾ ತಿರುಗಿ ಬರೋತನಕ ಈ ಸೀಟಿನ ಮ್ಯಾಲ ಯಾರೂ ಕುಂದ್ರಬಾರದು. ಜಬೀನಾನೂ ಕುಂದ್ರಬಾರದು. ಕೈನೂ ಹಚ್ಚಬ್ಯಾಡ್ರಿ."

ಜಬೀನಾಳ ಮುಖ ಕೆಂಪಾಯಿತು. ಹಿಂದಿನ ಸೀಟಿಗೆ ಹೋಗಿ, ಬಾಗಿಲನ್ನು ಸದ್ದಾಗುವಂತೆ ಹಾಕಿಕೊಂಡಳು. ನನಗೆ ಬೇರೆಯೇ ಒಂದು ಮಾತು ನೆನಪಾಗಿ ಮೈ ಝುಂ ಅಂದಿತು. ಕಾರು ಮಾರಿದ ಹೈದರಾಬಾದಿನ ಮುದಿ ಪ್ರೊಫೆಸರ್ ಬೀಗದ ಕೈ ಕೊಡುತ್ತ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಆ ಮುಂದಿನ ಸೀಟು ಅವರ ಬೇಗಮ್ಮರದಂತೆ. ಆಕೆ ತೀರಿಕೊಂಡ ಮೇಲೆ ಅದರಲ್ಲಿ ಅವರು ಯಾರನ್ನೂ ಕೂರಿಸಿರಲಿಲ್ಲವಂತೆ.

ಕುಂಚಾವರಂ ಕಾಡಿನ ರಸ್ತೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಎರಡೂ ಕಡೆ ತೇಗದ ಮರಗಳು, ಎಲೆ ಅಲುಗುತ್ತಿರಲಿಲ್ಲ. ಗಾಡಿ ವೇಗ ಹಿಡಿದದ್ದೇ ತಡ, ಶುರುವಾಯಿತು.

ಟಿಂಗ್. ಟಿಂಗ್. ಟಿಂಗ್.

ಎದುರಿಗೆ ಕೆಂಪು ದೀಪ. ಮುಂದಿನ ಸೀಟಿನಲ್ಲಿ ಕುಳಿತವರು ಬೆಲ್ಟ್ ಹಾಕಿಕೊಂಡಿಲ್ಲ ಎಂದು ಅದರ ಅರ್ಥ. ನಾನು ಪಕ್ಕಕ್ಕೆ ನೋಡಿದೆ. ಯಾರೂ ಇರಲಿಲ್ಲ. ಕವರಿನ ಮೇಲಿನ ಹೂವುಗಳು ಮಾತ್ರ ಮಬ್ಬು ಬೆಳಕಿನಲ್ಲಿ ಕಾಣುತ್ತಿದ್ದವು.

"ಜಬೀನಾ, ಮುಂದ ಯಾರು ಕುಂತಾರ?"

"ಯಾರು ಕುಂದ್ರತಾರ್ರಿ? ಕುಂದ್ರಬಾರದು ಅಂತ ಹುಕುಂ ಆಗ್ಯದಲ್ಲ."

"ಗಾಡಿ ಹೇಳಾಕತ್ತದ, ಯಾರೋ ಕುಂತಾರ."

ಜಬೀನಾ ಮುಂದಕ್ಕೆ ಬಾಗಿ ನೋಡಿದಳು, ಮತ್ತೆ ಹಿಂದಕ್ಕೆ ಸರಿದಳು. ಟಿಂಗ್ ಟಿಂಗ್ ಸದ್ದು ಜೋರಾಗುತ್ತಾ ಹೋಯಿತು. ಈ ಕಾರಿನ ಬಗ್ಗೆ ನಾನು ಊರಿಗೆಲ್ಲ ಹೇಳಿದ ಒಂದು ಮಾತು ಆಗ ನನ್ನ ಕುತ್ತಿಗೆಗೇ ಬಂತು: ಇದು ಸುಳ್ಳು ಹೇಳುವುದಿಲ್ಲ. ಗಾಡಿ ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ, ಸೀಟಿಗೆ ಕೈ ತಾಗದಂತೆ ಬೆಲ್ಟ್ ಎಳೆದು ಖಾಲಿ ಸೀಟಿನ ಮೇಲೆ ಹಾಯಿಸಿದೆ.

"ಮಾಫ್ ಮಾಡ್ರಿ ಬೇಗಂ ಸಾಹೇಬಾ, ಬೆಲ್ಟ್ ಹಾಕಾಕತ್ತೀನಿ. ಬಿಗಿ ಆದ್ರ ಹೇಳ್ರಿ. ತಕಲೀಫ್ ಆಗಲ್ಲಲ್ರಿ?"

ಟಕ್ ಎಂದು ಬಿತ್ತು. ಸದ್ದು ನಿಂತಿತು.

ಮರುದಿನ ಒಬ್ಬನೇ ಕಾರು ಹತ್ತಲು ಕಾಲು ಬರಲಿಲ್ಲ. ಬಿಟ್ಟು ನಡೆದು ಹೋದರೆ ಊರು ಏನೆಂದೀತು? ಕೊನೆಗೆ ಜಬೀನಾಗೆ, "ನಡಿ, ನಿನಗ ವಾಡಿತನಕ ಬಿಟ್ಟು ಬರ್ತೀನಿ. ಸಂಜಿಗೆ ಕರಕೊಂಡೂ ಬರ್ತೀನಿ" ಎಂದೆ. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ಮೊದಲ ಸಲ ಹೆಂಡತಿ ಗಂಡನ ಗಾಡಿಯಲ್ಲಿ ಶಾಲೆಗೆ ಹೋದಳು, ಅದೂ ಗಂಡನಿಗೆ ಹೆದರಿಕೆಯಾದದ್ದಕ್ಕೆ.

ದಿನಾ ಹೀಗೇ ನಡೆಯಿತು. ಖಾಲಿ ಸೀಟಿಗೆ ಸಲಾಂ ಹೇಳುವುದು, ಬೆಲ್ಟ್ ಹಾಕುವುದು, ಹೊರಡುವುದು. ಕ್ರಮೇಣ ನನಗೆ ಆಕೆಯ ಸ್ವಭಾವವೂ ತಿಳಿಯತೊಡಗಿತು. ಶಾಂತ ಹೆಂಗಸು, ನನ್ನ ಮಾತಿಗೆ ಎದುರಾಡುವವಳಲ್ಲ. "ಎಸಿ ಭಾಳ ಥಂಡಿ ಆತೇನ್ರಿ? ಬಿಸಲು ಬೀಳಾಕತ್ತದೇನ್ರಿ?" ಎಂದು ನಾನು ವಿಚಾರಿಸುತ್ತಿದ್ದೆ. ತಗ್ಗು ಬಂದರೆ ಮೊದಲೇ ಹೇಳಿ, ನಿಧಾನಕ್ಕೆ ಇಳಿಸುತ್ತಿದ್ದೆ.

"ಹದಿನಾರು ವರ್ಷದಾಗ ನನಗ ಒಮ್ಮೆನರ ಕೇಳೀರೇನ್ರಿ, ಥಂಡಿ ಆತೇನು ಅಂತ?" ಎಂದು ಹಿಂದಿನಿಂದ ದನಿ ಬಂತು.

"ನೀ ಜೀವಂತ ಇದ್ದೀ. ಬೇಕಂದ್ರ ನೀನೇ ಹೇಳ್ತೀ."

"ಕೇಳಿಸ್ಕೋಬೇಕಂದ್ರ ಸಾಯಬೇಕು ಅನ್ರಿ ಹಂಗಾದ್ರ."

ಎಂಟೊಂಬತ್ತು ದಿನ ಜಗಳ ಹೀಗೇ ಸಾಗಿ, ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಆ ದಿನ ಶುಕ್ರವಾರದ ಜುಮ್ಮಾ, ಜಬೀನಾಗೆ ಏನೋ ರಜೆ. ನಾನು ನಮಾಜಿಗೆ ಹೋದಾಗ ಅವಳೇ ಕಾರಿನೊಳಗೆ ಧೂಳು ಒರೆಸಿದ್ದಳು. ಹೆಂಗಸಿಗೆ ಇಷ್ಟು ಧೈರ್ಯವೇ ಎಂದು ನಾನು ಬೆರಗಾದೆ. ಅಲ್ಲಿಂದ ಅವಳು ಬೇಗಂ ಸಾಹೇಬಾರ ಮೇಲೆ ಸಿಟ್ಟಾಗುವುದನ್ನು ಬಿಟ್ಟಳು. ನಾನು ಖಾಲಿ ಸೀಟಿನ ಜೊತೆ ಮಾತಾಡುವಾಗ ಹಿಂದೆ ಸುಮ್ಮನೆ ಕುಳಿತು ಕೇಳುತ್ತಿದ್ದಳು. ಅವಳೂ ಹೆದರಿದ್ದಾಳೆಂದು ನಾನು ತಿಳಿದೆ.

ವಾಡಿ ರಸ್ತೆಯಲ್ಲಿ ಒಂದು ಹಳೆಯ ಖಣಿಯಿದೆ. ಕಲ್ಲು ತೆಗೆದು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಅಂಚಿನವರೆಗೂ ನೀರು ನಿಂತಿದೆ, ಹಸಿರು ಬಣ್ಣದ ನೀರು. ಗಾಳಿ ಬೀಸಿದರೂ ಅದು ಅಲುಗಿದ್ದನ್ನು ನಾನು ನೋಡಿಲ್ಲ. ಅಮ್ಮಿ ಬರುವ ದಿನ ಹತ್ತಿರವಾದಾಗ, ಒಂದು ಸಂಜೆ ಅದರ ಪಕ್ಕದಲ್ಲಿ ಬರುತ್ತಿದ್ದಾಗ ಜಬೀನಾ ಹಳೆಯ ಅರ್ಜಿ ತೆಗೆದಳು.

"ನೋಡ್ರಿ, ಅಮ್ಮಿ ಬಂದಮ್ಯಾಲ ನಿಮಗ ಜೋಡಿ ಸಿಗತದ, ನಾ ಮತ್ತ ಟಂಟಂ ಹತ್ತಬೇಕು. ನನಗ ಗಾಡಿ ಕಲಸ್ರಿ."

"ಎಷ್ಟು ಸಲ ಹೇಳಲಿ? ಆಗೂದಿಲ್ಲ ಅಂದ್ರ ಆಗೂದಿಲ್ಲ."

ಟಕ್.

ನನ್ನ ಪಕ್ಕದಲ್ಲಿ ಬೆಲ್ಟ್ ಬಿಚ್ಚಿಕೊಂಡಿತು. ತಾನಾಗಿಯೇ. ಬಿಚ್ಚಿಕೊಂಡು, ಸೀಟಿನ ಮೇಲೆ ಸರಸರ ಹರಿದು, ಬಾಗಿಲ ಬದಿಗೆ ಹೋಗಿ ಸೇರಿತು. ಟಿಂಗ್ ಟಿಂಗ್ ಟಿಂಗ್ ಎಂದು ಗಾಡಿ ಕೂಗತೊಡಗಿತು. ನನ್ನ ಕಣ್ಣು ರಸ್ತೆಯ ಮೇಲೆಯೇ ಇತ್ತು (ಸುರಕ್ಷತೆಯ ಮೊದಲ ಪಾಠ ಅದು), ಆದರೆ ಬೆನ್ನಿನ ಮೇಲಿನ ಪ್ರತಿ ಕೂದಲೂ ಪಕ್ಕಕ್ಕೆ ನೋಡುತ್ತಿತ್ತು.

"ಬೇಗಂ ಸಾಹೇಬಾಗೆ ಸಿಟ್ಟು ಬಂತು ಅನಸ್ತದ," ಎಂದಳು ಜಬೀನಾ, ತಣ್ಣಗೆ. "ಇಳದು ಹೋಗಾಕತ್ತಾರೋ, ಇಲ್ಲಾ ನಿಮ್ಮ ಕಡಿ ಸರಿಯಾಕತ್ತಾರೋ?"

"ಕಲಸ್ತೀನಿ!" ಎಂದು ಚೀರಿದೆ. "ಬೇಗಂ ಸಾಹೇಬಾ, ಅಲ್ಲಾಹನ ಆಣಿ ಮಾಡಿ ಹೇಳ್ತೀನಿ, ಅಮ್ಮಿ ಬಂದ ಮರುದಿನಾನೇ ಜಬೀನಾಗ ಗಾಡಿ ಕಲಸ್ತೀನಿ! ಎಲ್ಲಿದ್ದೀರೋ ಅಲ್ಲೇ ಕುಂದ್ರಿ!"

ಗಾಡಿ ನಿಲ್ಲಿಸಿ ಮತ್ತೆ ಬೆಲ್ಟ್ ಹಾಕಿದೆ. ಮನೆ ಮುಟ್ಟುವವರೆಗೆ ಅದು ಬಿಚ್ಚಲಿಲ್ಲ.

ಹದಿನೈದನೆಯ ದಿನ ಅಮ್ಮಿಯನ್ನು ಕರೆತರಲು ಹೋದೆವು. ನಾನು ಕಾರಿನಿಂದ ಇಳಿದು ಅವಳ ಕೈ ಹಿಡಿದು, ಎಲ್ಲವನ್ನೂ ಹೇಳಿದೆ. ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮಿ ಬಾಗಿಲು ತೆರೆದು, ಬೆಲ್ಟ್ ಬಿಗಿದ ಖಾಲಿ ಸೀಟನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಡು ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಕವರಿನ ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ ಎಳೆದಳು.

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಫರಸಿ ಕಲ್ಲು. ಹತ್ತು ಹನ್ನೆರಡು ಕಿಲೋ ತೂಕದ್ದು, ಅಂಚು ಉಜ್ಜಿದ್ದು, ಅಂದವಾಗಿ ಪಾಲಿಶ್ ಮಾಡಿದ್ದು. ಹಿಂಬದಿಯಲ್ಲಿ ಕೆಂಪು ಬಣ್ಣದಲ್ಲಿ ನನ್ನ ಯಾರ್ಡಿನದೇ ಗುರುತು.

"ಎಪ್ಪತ್ತು ವರ್ಷ ಫರಸಿ ಮ್ಯಾಲ ಕುಂತ ನಡ ಇದು ಬೇಟಾ, ಮೆತ್ತಗಿನ ಸೀಟಿಗೆ ಹ್ಯಾಂಗ ಒಗ್ಗತದ? ನೀ ಮುಟ್ಟಬ್ಯಾಡ ಅಂದಿ. ಅದಕ್ಕ ಭಾಗಣ್ಣನ ಕಡಿಂದ ಸುಮ್ನ ಹಾಕಿಸಿದ್ದೆ. ಯಾರರೆ ಕುಂತ್ರ ತಿಳೀತದಂತ ಕುಂದ್ರಬ್ಯಾಡ ಅಂದೆ."

ಗಾಡಿ ಸುಳ್ಳು ಹೇಳಿರಲಿಲ್ಲ. ಭಾರ ಕಂಡಿತ್ತು, ಬೆಲ್ಟ್ ಕೇಳಿತ್ತು. ಕಣ್ಣು ಮುಚ್ಚಿ ಕಲ್ಲು ಗುರುತಿಸುವ ನಾನು, ಹದಿನೈದು ದಿನ ಕಣ್ಣು ತೆರೆದುಕೊಂಡು ನನ್ನದೇ ಕಲ್ಲಿಗೆ ಸಲಾಂ ಹೇಳಿದ್ದೆ. ಊರಿಗೆಲ್ಲ ಸುರಕ್ಷತೆ ಬೋಧಿಸುತ್ತ, ಬ್ರೇಕ್ ಹಾಕಿದರೆ ಮಂಡಿ ಮುರಿಯುವಂಥ ಹಾಸುಗಲ್ಲನ್ನು ಪಕ್ಕದಲ್ಲೇ ಕೂರಿಸಿಕೊಂಡು ಓಡಾಡಿದ್ದೆ.

"ಆದ್ರ ಬೆಲ್ಟ್?" ಎಂದೆ. "ಖಣಿ ಹತ್ರ ಬೆಲ್ಟ್ ತಾನೇ ಬಿಚ್ಚಿತ್ತಲ್ಲ! ಕಲ್ಲಿಗೆ ಕೈ ಅವೇನು?"

ಜಬೀನಾ ಹಿಂದಿನ ಸೀಟಿನಿಂದಲೇ ಬುರ್ಖಾದ ಕಪ್ಪು ತೋಳನ್ನು ಎರಡು ಸೀಟುಗಳ ನಡುವೆ ಚಾಚಿ, ಬೆಲ್ಟಿನ ಕೆಂಪು ಗುಂಡಿ ಒತ್ತಿ ತೋರಿಸಿದಳು. ಟಕ್.

"ಧೂಳ ಒರಸೋ ದಿನಾನೇ ಕಲ್ಲು ಕೈಗೆ ಹತ್ತಿತ್ರಿ."

"ಮತ್ತ ಹೇಳಬಾರದೇನು?"

ಅವಳು ಗುಂಡಿಯಿಂದ ಕೈ ತೆಗೆದಳು. "ಹೇಳಬೇಕಂತಿದ್ದೆ. ಆದ್ರ ನೀವು ಆ ಕಲ್ಲಿಗೆ ಮಾತಾಡೋ ದನಿ ಅದಲ್ಲ, ಅದು ನಾ ಯಾವತ್ತೂ ಕೇಳಿದ್ದಿಲ್ಲ. ಇನ್ನೊಂದು ನಾಕು ದಿನ ಕೇಳೋಣು ಅನಸ್ತು."

ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ನಾಚಿಕೆಯಾದಾಗಲೂ ಗಂಡಸರು ಸುಮ್ಮನಿರುವುದಿಲ್ಲ. "ಕಲ್ಲಿಗೆ ಕೊಟ್ಟ ಮಾತು ನಡೆಯೋದಿಲ್ಲ. ಗಾಡಿ ಕಲಿಸೋ ಮಾತು ರದ್ದು," ಎಂದುಬಿಟ್ಟೆ.

"ಮಾತು ಕಲ್ಲಿಗಲ್ಲ, ಅಲ್ಲಾಹನ ಆಣಿ ಮ್ಯಾಲ ಕೊಟ್ಟೀದಿ," ಎಂದಳು ಅಮ್ಮಿ. "ಕಲಸ್ತೀ. ನಾ ಹಿಂದ ಕುಂದ್ರತೀನಿ, ಮಡಚಿದ ಕೌದಿ ಸಾಕು ನನಗ." ಕಲ್ಲನ್ನು ರುಕ್ಸಾರ್ ಮಸಾಲೆ ಅರೆಯುವ ಜಾಗಕ್ಕೆ ಹಾಕಿಕೊಂಡಳು.

ಮೊದಲು ಯಾರ್ಡಿನ ಹಿಂದಿನ ಬಯಲಿನಲ್ಲಿ ಕಲಿಸಿದೆ. ತಿಂಗಳಾದ ಮೇಲೆ, ಹೋದ ಸೋಮವಾರ, ಜಬೀನಾ ಮೊದಲ ಸಲ ವಾಡಿ ರಸ್ತೆಗೆ ಕಾರು ತಂದಳು. ಅಮ್ಮಿ ಹಿಂದೆ ಕೌದಿಯ ಮೇಲೆ. ನಾನು ಮುಂದೆ, ಬೇಗಂ ಸಾಹೇಬಾರ ಸೀಟಿನಲ್ಲಿ. ದೂರದಲ್ಲಿ ಟ್ಯಾಂಕರ್ ಕಂಡ ಕೂಡಲೇ ನಾನು ಶುರುಮಾಡಿದೆ: ಬ್ರೇಕ್ ಹಾಕು, ಎಡಕ್ಕ ತಗೋ, ಹಾರ್ನ್ ಹೊಡಿ, ಎಡಕ್ಕಂದ್ರ ಇಷ್ಟು ಎಡಕ್ಕಲ್ಲ! ಅಷ್ಟರಲ್ಲಿ ಟಿಂಗ್ ಟಿಂಗ್ ಎಂದು ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ನಾನೇ ಬೆಲ್ಟ್ ಬಿಚ್ಚಿಕೊಂಡಿದ್ದೆ.

ಜಬೀನಾ ಗಾಡಿಯನ್ನು ಖಣಿಯ ಪಕ್ಕದಲ್ಲೇ ನಿಧಾನವಾಗಿ ನಿಲ್ಲಿಸಿದಳು. ಹಸಿರು ನೀರು ಎಂದಿನಂತೆ ಅಲುಗದೆ ನಿಂತಿತ್ತು. ಅವಳು ನನ್ನ ಮೇಲಿನಿಂದ ಬಾಗಿ ಬೆಲ್ಟ್ ಎಳೆದು ಟಕ್ ಎಂದು ಹಾಕಿ, ನನ್ನದೇ ದನಿಯಲ್ಲಿ ಕೇಳಿದಳು, "ತಕಲೀಫ್ ಆಗಲ್ಲಲ್ರಿ?"

ಆಮೇಲೆ ಗೇರ್ ಹಾಕುತ್ತ ಹೇಳಿದಳು: "ನಿಮಗಿಂತ ಮುಂಚೆ ಈ ಸೀಟಿನ್ಯಾಗ ಒಬ್ಬರು ಹದಿನೈದು ದಿನ ಕುಂತಿದ್ರು. ಒಂದು ದಿನಾನೂ ಡ್ರೈವರ್‌ಗೆ ಬ್ರೇಕ್ ಹಾಕು ಅಂದಿದ್ದಿಲ್ಲ."

ಹಿಂದೆ ಅಮ್ಮಿ ನಕ್ಕಳು. ವಾಡಿ ಬರುವವರೆಗೆ ನಾನು ಕಲ್ಲಿನ ಹಾಗೆ ಕುಳಿತಿದ್ದೆ.