ಕಾಕಾರಿಗೆ ಬರುವ ಪಾಲು

ನಮ್ಮ ಕಾಕಾರಿಗೆ ದುಡ್ಡು ಕೊಡುವವರಿಗೆ ಮುಖವೇ ಇಲ್ಲ ಎಂದರೆ ನೀವು ನಂಬುವುದಿಲ್ಲ. ಕೈಯಿಲ್ಲ, ಕಾಲಿಲ್ಲ, ಬರೀ ಧ್ವನಿ! ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾದ ಮೇಲೆ ಅವರು ನಮ್ಮೂರಿನ ಗಾಜಿಪುರ ಬಡಾವಣೆಯ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತಿದ್ದಾರೆ. ಹುಬ್ಬಳ್ಳಿಯಿಂದ ಯಾರೋ ತಬಲಾ ಬಾರಿಸಿ ಕಳಿಸುತ್ತಾರೆ, ಸೊಲ್ಲಾಪುರದಿಂದ ಇನ್ಯಾರೋ ಹಾರ್ಮೋನಿಯಂ, ಮತ್ತೆಲ್ಲಿಂದಲೋ ಒಬ್ಬರ ಹಾಡು. ಜನ್ಮದಲ್ಲಿ ಒಬ್ಬರನ್ನೊಬ್ಬರು ನೋಡದ ಇವರೆಲ್ಲ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡಿದಂತೆ ಕೇಳಿಸುವ ಹಾಗೆ ಮಾಡುವುದು ಕಾಕಾರ ಕೆಲಸ.

ಆ ಕೋಣೆಗೆ ನಾನು ಒಬ್ಬನೇ ಹೋಗುವುದಿಲ್ಲ. ನೆಹರು ಗಂಜ್ ಮಾರುಕಟ್ಟೆಯಿಂದ ತಂದ ಗೋಣಿಚೀಲ, ಮನೆಯ ಹಳೆಯ ಗಾದಿ, ಎಲ್ಲವನ್ನೂ ಗೋಡೆಗೆ ಬಡಿದು ಹೊರಗಿನ ಸದ್ದು ಒಳಗೆ ಬರದಂತೆ ಮಾಡಿದ್ದಾರೆ. ಬಾಗಿಲು ಹಾಕಿದರೆ ಮೊದಲು ನಿಮ್ಮ ಎದೆಬಡಿತ ನಿಮಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಬೇರೆ ಯಾರದೋ ಕೇಳಿಸಿದಂತಾಗುತ್ತದೆ! ಮೀಟರ್ ನೋಡಲು ಬಂದವನು ಒಮ್ಮೆ ಆ ಕೋಣೆಗೆ ಕಾಲಿಟ್ಟು, ಮೀಟರ್ ನೋಡದೆಯೇ ಬಿಲ್ಲು ಕೊಟ್ಟು ಓಡಿದ. ಆ ತಿಂಗಳು ಬಿಲ್ಲು ಕಡಿಮೆ ಬಂದಿತ್ತೆಂದು ಕಾಕಾರ ಹೆಂಡತಿ ಕಾಕೂಗೆ ಇಂದಿಗೂ ಸಮಾಧಾನ.

ಇಂಥ ಕೆಲಸಕ್ಕೆ ಕೂಲಿ ಹೇಗೆ ಎಂದು ಕೇಳುತ್ತೀರಾ? ಅದೊಂದು ದೊಡ್ಡ ಕಥೆ. ನೆಟ್ಟಗಿರುವವರು ಅರ್ಧ ಮೊದಲು, ಅರ್ಧ ಹಾಡು ಕೈಸೇರಿದ ಮೇಲೆ ಕೊಡುತ್ತಾರೆ. ಕೆಲವರು ಹಾಡಿನ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ, ಅದೇ ಕೂಲಿ ಎನ್ನುತ್ತಾರೆ. ಕಾಕಾ ಅದಕ್ಕೂ ತಲೆಯಾಡಿಸಿದ ದಿನ ಕಾಕೂ ಅಡಿಗೆಮನೆಯಿಂದಲೇ, “ಹೆಸರು ಕುಕ್ಕರಿನ್ಯಾಗ ಇಟ್ರ ಎಷ್ಟು ಸೀಟಿ ಹೊಡಸಬೇಕ್ರಿ?” ಎಂದು ಕೇಳಿದ್ದರು. ಇನ್ನು ಕೈಯಲ್ಲಿ ಏನೂ ಇಲ್ಲದವರು ಕೊಡುವುದು ಪಾಲು. ಹಾಡನ್ನು ಆಪ್‌ನಲ್ಲಿ ಯಾರಾದರೂ ಒಮ್ಮೆ ಕೇಳಿದರೆ ಒಂದಿಷ್ಟು ಪೈಸೆ ಹುಟ್ಟುತ್ತದೆ. ಅದನ್ನು ಯಂತ್ರವೇ ಹಂಚಿ ಎಲ್ಲರ ಖಾತೆಗೆ ಹಾಕುತ್ತದೆ. ಕೇಳುವವರೇ ಇಲ್ಲದಿದ್ದರೆ ಹಂಚಲು ಗಾಳಿ ಮಾತ್ರ.

ಕಾಕಾರದು ಒಂದು ಹಟ. ಹಾಡುವವರು ಮೊದಲು ಮೈಕು ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆ ಮೌನವನ್ನೂ ಕಳಿಸಬೇಕು. ಕೋಣೆಯ ಗುಂಯ್ ಸದ್ದನ್ನು ಹಾಡಿನಿಂದ ತೆಗೆಯಲು ಅದು ಬೇಕಂತೆ. ಇವರು ಮಾತ್ರ ಕಣ್ಣುಮುಚ್ಚಿ ಅದನ್ನೇ ಕಛೇರಿಯಂತೆ ಕೇಳುತ್ತಾರೆ. ಬೀದರಿನ ಗಾಯಕಿಯೊಬ್ಬರಿಗೆ ಫೋನು ಮಾಡಿ, ನಿಮ್ಮ ಹಿಂದೆ ಯಾರೋ ನಿಂತಿದ್ದಾರೆ ಎಂದರು. ಆಕೆಯ ಜೀವ ಬಾಯಿಗೆ ಬಂತು. ನೋಡಿದರೆ ಪರದೆಯ ಹಿಂದೆ ಅತ್ತೆ! ಉಳಿದ ಅರ್ಧ ದುಡ್ಡು ಕೇಳದೆಯೇ ಅಂದೇ ಬಂತು.

ಕಮಲಾಪುರದ ಹುಡುಗನದು ಮಾತ್ರ ನಗುವ ಸಂಗತಿಯಲ್ಲ. ಬಾಳೆಹಣ್ಣಿನ ವ್ಯಾಪಾರ ಮಾಡಿಕೊಂಡಿದ್ದ ಆತ ತಾನೇ ಕಟ್ಟಿದ ಒಂದು ಪದ ಹಾಡಿ ಕಳಿಸಿದ್ದ. ದುಡ್ಡಿಲ್ಲ, ಪಾಲು ತೆಗೆದುಕೊಳ್ಳಿ ಎಂದು ಹೇಳಿ, ಜೊತೆಗೆ ಬಸ್ಸಿನಲ್ಲಿ ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದ. ಅವನ ಮೌನ ಕೇಳುತ್ತ ಕಾಕಾ ಥಟ್ಟನೆ ಕಣ್ಣು ತೆರೆದರು. ನನಗೂ ಕೇಳಿಸಿದರು. ಅವನ ಉಸಿರಿನ ಜೊತೆ ಇನ್ನೊಂದು ಉಸಿರಿತ್ತು, ಕೊನೆಯಲ್ಲಿ ಸಣ್ಣ ಸಿಳ್ಳೆ ಹೊಡೆಯುವಂಥದು. ಫೋನು ಮಾಡಿ ಕೇಳಿದರೆ ಅವನು, “ಕೋಣ್ಯಾಗ ನಾ ಒಬ್ಬನ ಅದೀನ್ರಿ, ಬಾಗಲಾ ಹಾಕೀನಿ” ಎಂದ. ಕಾಕಾ ಉಳಿದ ಸದ್ದನ್ನೆಲ್ಲ ತೆಗೆದರು. ಆ ಉಸಿರನ್ನು ಅಳಿಸಲು ಅವರಿಗೆ ಧೈರ್ಯ ಬರಲಿಲ್ಲ. ಹಾಡಿನ ಅಡಿಯಲ್ಲಿ ಅದು ಹಾಗೆಯೇ ಉಳಿಯಿತು.

ಹಾಡನ್ನು ಯಾರೂ ಕೇಳಲಿಲ್ಲ. ಮಳೆಗಾಲದಲ್ಲಿ ಹುಡುಗ ಜ್ವರ ಬಂದು ತೀರಿಕೊಂಡನೆಂದು ಆ ಹಾಡಿಗೆ ಹಾರ್ಮೋನಿಯಂ ನುಡಿಸಿದ್ದವರು ತಿಳಿಸಿದರು. ಆಮೇಲೆ ಶುರುವಾಯಿತು ನೋಡಿ! ಸತ್ತುಬಿದ್ದಿದ್ದ ಹಾಡಿಗೆ ಪಾಲು ಬರತೊಡಗಿತು. ಕಂಪ್ಯೂಟರಿನಲ್ಲಿ ನೋಡಿದರೆ ಕೇಳುವವರು ಒಬ್ಬರೇ, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ, ಮತ್ತೆ ಮತ್ತೆ. ಚಿಲ್ಲರೆ ದುಡ್ಡು ಜಮೆಯಾದ ಸದ್ದು ಫೋನಿನಲ್ಲಿ ಬಂದಾಗಲೆಲ್ಲ ಕಾಕಾ ಹಿಂದೆ ತಿರುಗಿ ನೋಡತೊಡಗಿದರು. ಕಾಕೂ ಕಂಪ್ಯೂಟರಿಗೆ ಮಂತ್ರಾಕ್ಷತೆ ಹಾಕಿದರು. ಪಾಲು ನಿಲ್ಲಲಿಲ್ಲ, ಅಕ್ಕಿಕಾಳು ಹೊಕ್ಕು ಕೀಬೋರ್ಡು ನಿಂತಿತು.

ನಗಬೇಡಿ, ಕಾಕಾ ಊಟ ಬಿಟ್ಟಿದ್ದರು. “ಸತ್ತಾಂವನ ಕಡಿಂದ ಕೂಲಿ ಇಸ್ಕೊಳ್ಳಾಕ ನನ್ನಿಂದ ಆಗಂಗಿಲ್ಲ. ಅವನ ಮನ್ಯಾಗ ಒಂದ ಮಾತು ಕೇಳಿ ಹಾಡು ತೆಗೆದುಬಿಡ್ತೀನಿ,” ಎಂದರು. ಜೊತೆಗೆ ನನ್ನನ್ನೂ ಬಸ್ಸು ಹತ್ತಿಸಿದರು.

ಕಮಲಾಪುರದಲ್ಲಿ ಬಾಗಿಲು ತೆಗೆದವರು ಹುಡುಗನ ತಾಯಿ. ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕುಳಿತರು. ಅಷ್ಟರಲ್ಲಿ ಕಾಕಾ ನನ್ನ ಮಣಿಕಟ್ಟು ಹಿಡಿದರು. ನನಗೂ ಕೇಳಿಸಿತು: ಪ್ರತಿ ಉಸಿರಿನ ಕೊನೆಗೆ ಸಣ್ಣ ಸಿಳ್ಳೆ. ತಾಯಿಗೆ ಮೊದಲಿನಿಂದಲೂ ದಮ್ಮು. ಮಗನಿಗೆ ಯಾರಾದರೂ ಎದುರಿಗಿದ್ದರೆ ಹಾಡಲು ನಾಚಿಕೆ. ಅದಕ್ಕೆ ಅವನಿಗೆ ಗೊತ್ತಾಗದಂತೆ ಬಾಗಿಲ ಸಂದಿಗೆ ಕಿವಿಹಚ್ಚಿ ನಿಲ್ಲುತ್ತಿದ್ದೆ ಎಂದು ಅವರೇ ಹೇಳಿದರು. ನನ್ನ ಹೆದರಿಕೆಯೆಲ್ಲ ಆ ಕ್ಷಣ ದುಃಖವಾಯಿತು.

ಕಾಕಾ ಬಂದ ಕೆಲಸ ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಅವರೇ ಮಗನ ಫೋನು ತಂದು ತೋರಿಸಿದರು.

“ಒಮ್ಮೆ ಕೇಳಿದ್ರ ಸಾಹೇಬ್ರಿಗೆ ಏನರೆ ಮುಟ್ಟತದ ಅಂತ ಹೇಳಿದ್ದ ರೀ. ನಿಮ್ಮ ಕೂಲಿ ಉಳಿಸ್ಕೊಂಡು ಹೋಗ್ಯಾನ. ಅದಕ್ಕ ದಿನಾ ಮುಂಜಾನಿ ರೊಟ್ಟಿ ಬಡಿಯೋ ಮುಂದ ಹಚ್ಚತೀನಿ. ಹಾಡು ಕೇಳಿದಂಗೂ ಆಗತದ, ನಿಮ್ಮದು ತೀರಿಸಿದಂಗೂ ಆಗತದ.” ಆಮೇಲೆ ಸೆರಗಿನಿಂದ ಫೋನು ಒರೆಸುತ್ತ ಮೆಲ್ಲಗೆ ಕೇಳಿದರು, “ಇನ್ನ ಎಷ್ಟು ಉಳದದ ರೀ?”

ಪಾಲಿಗೆ ಬಾಕಿ ಎಂಬುದಿಲ್ಲ; ಆ ಹಾಡಿಗೆ ಕಾಕಾರ ಕೂಲಿ ಎಂದರೆ ಆ ಒಂದು ಗೊನೆ ಬಾಳೆಹಣ್ಣು. ಅದನ್ನು ನಾವೆಲ್ಲ ತಿಂದು ಎಷ್ಟೋ ಕಾಲವಾಗಿತ್ತು. ಲೆಕ್ಕದಲ್ಲಿ ಒಂದು ಪೈಸೆ ಸುಳ್ಳಾಡದ ಕಾಕಾ ತಲೆ ತಗ್ಗಿಸಿ ಹೇಳಿದರು:

“ಭಾಳ ಉಳದದ, ತಂಗೆವ್ವ. ದಿನಾ ಹಚ್ಚಕೋತ ಇರ್ರಿ.”