ಎಡಗಾಲಿಗೆ ರಜೆ

ನಮ್ಮ ದೊಡ್ಡಮ್ಮ ಎರಡೂ ಕಾಲಿನಿಂದ ಕಾರು ಓಡಿಸುತ್ತಿದ್ದಷ್ಟು ದಿನ ಮಧುಗಿರಿ ಕ್ಷೇಮವಾಗಿತ್ತು. ಒಂದೇ ಕಾಲಿನಿಂದ ಓಡಿಸಲು ಶುರುಮಾಡಿದ ಮೇಲೆಯೇ ನಮಗೆಲ್ಲ ದೇವರ ನೆನಪು ಹೆಚ್ಚಾದದ್ದು!

ಗಾಬರಿಯಾಗಬೇಡಿ, ಅವರಿಗೆ ಎರಡು ಕಾಲೂ ಇವೆ. ಎಡ ಮಂಡಿ ಸವೆದಿದೆ, ಇನ್ನು ಕ್ಲಚ್ ತುಳಿಯಕೂಡದು ಎಂದು ಡಾಕ್ಟರು ಹೇಳಿದ್ದರು. ಹಾಗಂತ ಕಾರು ಬಿಡುವುದುಂಟೆ? ಲಕ್ವ ಹೊಡೆದು ದೊಡ್ಡಪ್ಪನ ಬಲಗೈ ಸ್ವಾಧೀನ ತಪ್ಪಿದಾಗಿನಿಂದ ಅವರನ್ನು ತುಮಕೂರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದೊಯ್ಯುವವರು ಇವರೇ. ಹೀಗಾಗಿ ಹಳೆಯ ಗೇರಿನ ಕಾರು ಹೋಗಿ ಆಟೋಮ್ಯಾಟಿಕ್ ಬಂತು.

ಮೊದಲ ದಿನ ಬ್ರೇಕಿನಿಂದ ಕಾಲು ತೆಗೆದರಷ್ಟೇ, ಕಾರು ತಾನಾಗಿಯೇ ತೆವಳತೊಡಗಿತು.

“ಲೇ, ನಾನೇನೂ ಮಾಡ್ನಿಲ್ಲ ಕಣ್ಲಾ, ಅದೇ ಓಯ್ತಾ ಐತೆ!”

“ಅದು ಇರೋದೇ ಅಂಗೆ ದೊಡ್ಡಮ್ಮ. ಸ್ಟೀರಿಂಗ್ ಹಿಡ್ಕಳಿ ಸಾಕು,” ಎಂದೆ ನಾನು.

“ಏನೂ ಮಾಡ್ದೆ ಮುಂದಕ್ಕೋಗೋದು ಅಂದ್ರೆ ಹೆಂಗ್ಲಾ? ಮೈಯೆಲ್ಲ ಸೋಮಾರಿ ಆಗ್ಬುಡ್ತದೆ!”

ಎಡಗಾಲು ಮಾತ್ರ ಸೋಮಾರಿಯಾಗಲು ಒಪ್ಪಲಿಲ್ಲ. ಗೊರವನಹಳ್ಳಿಗೆ ಹೊರಟ ದಿನ ಕೊರಟಗೆರೆಯ ಬಸ್ ನಿಲ್ದಾಣದ ಮುಂದೆ ಎಮ್ಮೆಯೊಂದು ಅಡ್ಡ ಬಂತು. ಇಲ್ಲದ ಕ್ಲಚ್ಚನ್ನು ಹುಡುಕುತ್ತ ಹೋದ ಎಡಗಾಲು ಧಡಕ್ಕನೆ ಬ್ರೇಕ್ ತುಳಿಯಿತು. ನಾವೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದೆವು. ಮುಂದೆ ದೊಡ್ಡಮ್ಮನ ಪಕ್ಕದಲ್ಲಿ ಕುಳಿತಿದ್ದ ದೊಡ್ಡಪ್ಪ ಸಾವರಿಸಿಕೊಂಡು ಕೇಳಿದರು: “ಲಕ್ಷ್ಮಿ ಗುಡಿ ಇನ್ನೂ ಮುಂದೈತೆ ಕಣೆ. ಎಮ್ಮೆಗ್ಯಾಕೆ ನಮಸ್ಕಾರ ಹಾಕುಸ್ತೀಯ?”

ದೊಡ್ಡಮ್ಮ ಅಲ್ಲೇ ಉಪಾಯ ಹುಡುಕಿದರು. ಎಡಗಾಲಿನ ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಎಸೆದರು. ಬರಿಗಾಲಿಗೆ ತಾನು ಕೆಲಸದಲ್ಲಿಲ್ಲ ಎಂಬುದು ನೆನಪಿರುತ್ತದಂತೆ! ನಂಬುತ್ತೀರೋ ಇಲ್ಲವೋ, ಆ ಕಾಲು ಆಮೇಲೆ ಅಲ್ಲಾಡಲಿಲ್ಲ. ಆದರೆ ಹೂ ಕೊಳ್ಳಲು ಇಳಿದಾಗಲೂ ಒಂದೇ ಚಪ್ಪಲಿ. ಹೂವಿನಾಕೆ ಪಾಪ, ಬುಟ್ಟಿ ಸರಿಸಿ ಇನ್ನೊಂದನ್ನು ಹುಡುಕತೊಡಗಿದಳು.

“ಹುಡುಕ್ಬ್ಯಾಡ ಕಣಮ್ಮ. ಈ ಕಾಲು ಡ್ಯೂಟಿ ಮ್ಯಾಲೈತೆ, ಆ ಕಾಲು ರಜಾ!”

ವಾಪಸ್ ಬರುವಾಗ ಹೊತ್ತು ಮುಳುಗುತ್ತಿತ್ತು. ಸಿದ್ದರಬೆಟ್ಟದ ಕಡೆ ಆಕಾಶ ಕೆಂಪಾಗಿ, ಬಂಡೆಗಳೆಲ್ಲ ಹಗುರವಾಗಿ ತೇಲುತ್ತಿರುವಂತೆ ಕಾಣುತ್ತಿದ್ದವು. ಹಳೆಯ ಕಾರಾಗಿದ್ದರೆ ಪ್ರತಿ ಏರಿನಲ್ಲೂ ಗೊಣಗುತ್ತಿತ್ತು. ಇದು ಸದ್ದಿಲ್ಲದೆ ಏರಿತು, ಇಳಿಯಿತು. ಹುಣಸೆಮರಗಳು ಒಂದೊಂದಾಗಿ ಬಂದು ಹಿಂದೆ ಸರಿದವು.

“ಆ ಕಾರು ಮಾತಾಡ್ತಿತ್ತು,” ಎಂದರು ದೊಡ್ಡಮ್ಮ, ತಮಗೆ ತಾವೇ ಹೇಳಿಕೊಂಡಂತೆ. “ಇದು ನಿದ್ದೇಲಿ ನಡ್ದಂಗೆ ಹೋಯ್ತದೆ.”

ಹಿಂದೆ ಕುಳಿತಿದ್ದ ನನಗೆ ನಿಜಕ್ಕೂ ತೂಕಡಿಕೆ. ಕಣ್ಣು ಬಿಟ್ಟಾಗ ದೊಡ್ಡಮ್ಮನ ಎಡಗೈ ಸ್ಟೀರಿಂಗ್ ಮೇಲೆ ಇರಲಿಲ್ಲ. ಗೇರ್ ಹುಡುಕುತ್ತಿದ್ದಾರೇನೋ ಎಂದು ನಗು ಬಂತು. ಎಚ್ಚರಿಸೋಣವೆಂದು ಮುಂದಕ್ಕೆ ಬಗ್ಗಿದೆ.

ಆ ಕೈ, ತೊಡೆಯ ಮೇಲೆ ತಣ್ಣಗೆ ಬಿದ್ದಿದ್ದ ದೊಡ್ಡಪ್ಪನ ಬಲಗೈಯನ್ನು ಹಿಡಿದು, ಒಂದೊಂದೇ ಬೆರಳನ್ನು ಮೆಲ್ಲಗೆ ನೀವುತ್ತಿತ್ತು.

ದೊಡ್ಡಪ್ಪ ಕಿಟಕಿಯ ಕಡೆ ಮುಖ ಮಾಡಿದ್ದರು. “ಮುಂದೆ ನೋಡ್ಕಂಡು ಓಡ್ಸು,” ಎಂದರು.

“ನೋಡ್ತಾನೇ ಇವ್ನಿ ಬುಡಿ,” ಎಂದರು ದೊಡ್ಡಮ್ಮ.

ನಾನು ಸದ್ದಾಗದಂತೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದೆ.